ಜೂಜು ಕಾಡಿಗೆ ಬರುವಾಗ

ಮುಧೋಳ ಎಂಬ ಹೆಸರು ಕೇಳಿದೊಡನೆ ಕನ್ನಡಿಗರ ಮನಸ್ಸು ಬಾಗಲಕೋಟೆ ಜಿಲ್ಲೆಯ ಕಡೆಗೆ ಹೊರಳುತ್ತದೆ. ಬೇಟೆನಾಯಿಯ ತಳಿಗೆ ಹೆಸರು ಕೊಟ್ಟ ಊರು ಅದು, ಕವಿ ರನ್ನನ ನಾಡು. ಅದೇ ಹೆಸರಿನ ಇನ್ನೊಂದು ಊರು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಯ ಮಗ್ಗುಲಲ್ಲಿದೆ ಎಂಬುದು ಬಹುತೇಕರಿಗೆ ತಿಳಿಯದು. ತೊಗರಿಯ ಹೊಲಗಳು, ಅಡಿಗೆ ಸುಣ್ಣಕಲ್ಲು ಹಾಸಿದ ನೆಲ, ಕನ್ನಡ, ತೆಲುಗು, ಉರ್ದು ಮೂರೂ ಕೇಳಿಬರುವ ಬೀದಿಗಳು. ಪ್ರವಾಸಿಗರ ಕೈಪಿಡಿಯಲ್ಲಿ ಸುಲಭಕ್ಕೆ ಸಿಗುವ ಸ್ಥಳ ಇದಲ್ಲ. ಇಲ್ಲಿಂದ ಚಿಂಚೋಳಿಯ ಕಾಡಿನವರೆಗಿನ ಇಡೀ ಸೀಮೆಯ ಸ್ಥಿತಿ ಹೆಚ್ಚುಕಡಿಮೆ ಇದೇ.

ಇಷ್ಟು ಕಾಲ ಇದನ್ನು ಒಂದು ಕೊರತೆಯೆಂದೇ ಭಾವಿಸಲಾಗಿತ್ತು. ಈಗ ಮಾರುಕಟ್ಟೆಯ ಭಾಷೆ ಬದಲಾಗಿದೆ. 'ಜನಜಂಗುಳಿಯಿಂದ ದೂರ', 'ಯಾರೂ ಕಾಣದ ತಾಣ', 'ನಿಸರ್ಗದ ಮಡಿಲಲ್ಲಿ ಐಷಾರಾಮ' ಎಂಬ ಮಾತುಗಳೇ ಇಂದು ಹೋಟೆಲು ಉದ್ಯಮದ ಜಾಹೀರಾತಿನ ಬಂಡವಾಳ. ತುಂಬಿ ತುಳುಕುವ ಕಡಲತೀರ, ವಾಹನಗಳ ಸಾಲಿನಲ್ಲಿ ಉಸಿರುಗಟ್ಟಿದ ಗಿರಿಶಿಖರ ಇವುಗಳಿಂದ ಬೇಸತ್ತ ಹಣವಂತ ಪ್ರವಾಸಿ ಹೊಸ ಮೂಲೆಗಳನ್ನು ಹುಡುಕುತ್ತಾನೆ. ಅವನಿಗಿಂತ ಮೊದಲೇ ಬಂಡವಾಳ ಆ ಮೂಲೆಗಳನ್ನು ಹುಡುಕಿಕೊಂಡಿರುತ್ತದೆ. ಅಂಥ ಹುಡುಕಾಟದ ಅತ್ಯಂತ ದುಬಾರಿ ರೂಪವೇ ಪ್ರವಾಸಿ ಕೇಂದ್ರದಿಂದ ದೂರ ಹಳ್ಳಿಯ ನೆಲದಲ್ಲಿ ತಲೆಯೆತ್ತುವ ಕ್ಯಾಸಿನೋ ಹೋಟೆಲು. ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಅಂಥದ್ದಿಲ್ಲ. ಕರ್ನಾಟಕದ ಕಾನೂನು ಅದಕ್ಕೆ ಆಸ್ಪದವನ್ನೂ ಕೊಟ್ಟಿಲ್ಲ. ಆದರೆ ನೆರೆಯ ಗೋವಾದಲ್ಲಿ ಅದು ಹೇಗೆ ಬೆಳೆಯಿತು, ಯಾರ ನೆಲ ಮತ್ತು ನೀರನ್ನು ಬೇಡಿತು ಎಂಬುದನ್ನು ಅರಿಯಬೇಕಾದವರು ಇನ್ನೂ ಏನನ್ನೂ ಕಳೆದುಕೊಳ್ಳದ ಇಂಥ ಊರಿನವರೇ.

ಗೋವಾದ ಕಥೆ ಒಂದು ಪುಟ್ಟ ತಿದ್ದುಪಡಿಯಿಂದ ಆರಂಭವಾಗುತ್ತದೆ. 1976ರ ಸಾರ್ವಜನಿಕ ಜೂಜು ಕಾಯಿದೆ ಅಲ್ಲಿ ಜೂಜನ್ನು ನಿಷೇಧಿಸಿತ್ತು. 1992ರಲ್ಲಿ ಅದಕ್ಕೊಂದು ವಿನಾಯಿತಿ ಸೇರಿತು: ಪಂಚತಾರಾ ಹೋಟೆಲುಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳನ್ನು ಇಡಬಹುದು. 1996ರಲ್ಲಿ ಇನ್ನೊಂದು ಹೆಜ್ಜೆ: ನೀರಿನ ಮೇಲಿನ ಹಡಗುಗಳಲ್ಲಿ ಮೇಜಿನ ಆಟಗಳಿಗೂ ಅನುಮತಿ. ಹಳ್ಳಿಯ ಕಟ್ಟೆಯ ಮೇಲೆ ಅಪರಾಧವಾದದ್ದು ಪಂಚತಾರೆಯ ಸೂರಿನಡಿಯಲ್ಲಿ ಮನರಂಜನೆಯಾಯಿತು. ಕ್ಯಾಸಿನೋ ಮತ್ತು ಹೋಟೆಲು ಒಂದಕ್ಕೊಂದು ಗಂಟುಬಿದ್ದದ್ದು ಹೀಗೆ. ದೊಡ್ಡ ಹೋಟೆಲು ಇದ್ದಲ್ಲಿ ಜೂಜಿಗೆ ಪರವಾನಗಿ. ಜೂಜಿನ ಆದಾಯವಿದ್ದಲ್ಲಿ ದೊಡ್ಡ ಹೋಟೆಲು ಕಟ್ಟುವ ಉತ್ಸಾಹ.

ಪಣಜಿಯ ದಡದಲ್ಲಿ ದೀಪಗಳಿಂದ ಜಗಮಗಿಸುತ್ತ ನಿಂತ ಕ್ಯಾಸಿನೋ ಹಡಗುಗಳ ಅಡಿಯಲ್ಲಿ ಹರಿಯುವ ಮಾಂಡವಿ ಯಾವುದು? ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ದೇಗಾಂವ್ ಬಳಿ ಹುಟ್ಟಿ, ಭೀಮಗಡದ ಕಾಡನ್ನು ಹಾದು ಘಟ್ಟ ಇಳಿಯುವ ಮಹದಾಯಿಯೇ ಅದು. ಈ ನದಿಯ ಹನಿಹನಿಗೂ ಲೆಕ್ಕ ಕೇಳಿ ರಾಜ್ಯಗಳು ಎಂಟು ವರ್ಷ ನ್ಯಾಯಾಧಿಕರಣದ ಮುಂದೆ ವಾದಿಸಿದವು; 2018ರ ಆಗಸ್ಟಿನಲ್ಲಿ ಬಂದ ತೀರ್ಪು ಕರ್ನಾಟಕಕ್ಕೆ 13.42 ಟಿಎಂಸಿ ನೀರನ್ನು ಹಂಚಿತು. ನರಗುಂದ, ನವಲಗುಂದದ ರೈತರು ಕುಡಿಯುವ ನೀರಿಗಾಗಿ ವರ್ಷಗಟ್ಟಲೆ ಧರಣಿ ಕುಳಿತದ್ದು ಈ ನದಿಯ ಹೆಸರಿನಲ್ಲೇ. ಮೇಲಿನ ಹರಿವಿನಲ್ಲಿ ಇಷ್ಟೊಂದು ಕಟ್ಟುನಿಟ್ಟಿನ ಲೆಕ್ಕಕ್ಕೆ ಒಳಗಾದ ನದಿಯೇ ಕೆಳಗಿನ ಹರಿವಿನಲ್ಲಿ ಜೂಜುಕಟ್ಟೆಗೆ ಹಾಸಿಗೆಯಾಗಿದೆ. 2017ರ ಜುಲೈನಲ್ಲಿ, ಮಳೆಗಾಲದ ಅಬ್ಬರದ ನಡುವೆ ಮಾಂಡವಿಗೆ ತರುತ್ತಿದ್ದ ಒಂದು ಕ್ಯಾಸಿನೋ ಹಡಗು ಮಿರಾಮಾರ್ ತೀರದ ಮರಳಿನಲ್ಲಿ ಸಿಕ್ಕಿಬಿದ್ದು ತಿಂಗಳುಗಟ್ಟಲೆ ಅಲ್ಲೇ ವಾಲಿ ನಿಂತಿತ್ತು. ಹಡಗುಗಳನ್ನು ನದಿಯಿಂದ ಬೇರೆಡೆಗೆ ಸಾಗಿಸುವ ಭರವಸೆಯನ್ನು ಸರ್ಕಾರದ ಮೇಲೆ ಸರ್ಕಾರ ನೀಡುತ್ತ ಬಂದಿದೆ. ಅವಧಿ ಮುಗಿದಾಗಲೆಲ್ಲ ವಿಸ್ತರಣೆಯೂ ದೊರೆಯುತ್ತ ಬಂದಿದೆ.

ಇದೆಲ್ಲಕ್ಕಿಂತ ಅರ್ಥಪೂರ್ಣವಾದ ಸಂಗತಿ ಇನ್ನೊಂದಿದೆ. 2020ರ ಫೆಬ್ರುವರಿ 1ರಿಂದ ಗೋವಾ ಸರ್ಕಾರ ತನ್ನದೇ ಜನರಿಗೆ ಕ್ಯಾಸಿನೋಗಳ ಜೂಜಿನ ಅಂಗಣಕ್ಕೆ ಪ್ರವೇಶವನ್ನು ನಿಷೇಧಿಸಿತು. ನೇಪಾಳವೂ ತನ್ನ ಪ್ರಜೆಗಳನ್ನು ಕ್ಯಾಸಿನೋದ ಒಳಗೆ ಬಿಡುವುದಿಲ್ಲ. ಸಿಂಗಾಪುರ ಸ್ವಂತ ನಾಗರಿಕರಿಂದ ಪ್ರತಿ ಪ್ರವೇಶಕ್ಕೆ ಭಾರಿ ಶುಲ್ಕ ವಸೂಲು ಮಾಡುತ್ತದೆ. ವಿದೇಶಿಯರಿಗೆ ಆ ಶುಲ್ಕವಿಲ್ಲ. ತನ್ನ ಮಕ್ಕಳಿಗೆ ಉಣಿಸಲು ಹೆದರುವ ಅಡುಗೆಯನ್ನು ನೆರೆಮನೆಯವರಿಗೆ ಬಡಿಸುವ ನೀತಿ ಇದು. ಗೋವಾದ ಮಟ್ಟಿಗೆ ಆ ನೆರೆಮನೆಗಳಲ್ಲಿ ಮೊದಲನೆಯದು ಕರ್ನಾಟಕ. ವಾರಾಂತ್ಯದಲ್ಲಿ ಚೋರ್ಲಾ ಘಾಟಿಯನ್ನೂ ಅನಮೋಡ ಘಾಟಿಯನ್ನೂ ಇಳಿಯುವ ಕಾರುಗಳ ಸಾಲು ಇದನ್ನು ಯಾವ ಅಂಕಿಅಂಶದ ನೆರವೂ ಇಲ್ಲದೆ ಹೇಳುತ್ತದೆ.

ವಿಪರ್ಯಾಸವೆಂದರೆ ಅದೇ ಫೆಬ್ರುವರಿ ತಿಂಗಳಲ್ಲಿ ಬೆಂಗಳೂರಿನಲ್ಲಿ ಬೇರೊಂದು ಮಾತು ಕೇಳಿಬಂತು. ಆಗಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿ ಅವರು ಪ್ರವಾಸಿಗರನ್ನು ಸೆಳೆಯುವ ಸಂದರ್ಭದಲ್ಲಿ ಕ್ಯಾಸಿನೋಗಳ ಪ್ರಸ್ತಾಪ ಮಾಡಿದರು. ವಿರೋಧ ವ್ಯಕ್ತವಾಗಲು ತಡವಾಗಲಿಲ್ಲ. ಅಂಥ ತೀರ್ಮಾನವೇನೂ ಆಗಿಲ್ಲವೆಂಬ ಸ್ಪಷ್ಟೀಕರಣವೂ ಬಂತು. ಮಾತು ಅಲ್ಲಿಗೆ ನಿಂತಿತು. ಆದರೆ ಜೂಜು ಮತ್ತು ಪಣ ಸಂವಿಧಾನದ ರಾಜ್ಯಪಟ್ಟಿಗೆ ಸೇರಿದ ವಿಷಯ. ಗೋವಾದಲ್ಲಿ ಬಾಗಿಲು ತೆರೆದದ್ದು ಒಂದು ತಿದ್ದುಪಡಿ. ಕರ್ನಾಟಕ ಪೊಲೀಸ್ ಕಾಯಿದೆ, 1963ಕ್ಕೂ ಅಂಥದ್ದೊಂದು ತಿದ್ದುಪಡಿ ಬರಲಾರದು ಎಂದು ಯಾರೂ ಭರವಸೆ ಕೊಡಲಾರರು. 2007ರಲ್ಲಿ ಲಾಟರಿಯನ್ನು ಕೈಬಿಟ್ಟ ರಾಜ್ಯವಿದು ಎಂಬುದು ಸಮಾಧಾನದ ಮಾತು. ಆದರೆ ಆದಾಯದ ಹಸಿವು ಎಲ್ಲ ಸರ್ಕಾರಗಳಿಗೂ ಇರುವಂಥದ್ದು. ಕ್ಯಾಸಿನೋಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2023ರ ಅಕ್ಟೋಬರಿನಿಂದ ಪಣಕ್ಕೆ ಕೊಳ್ಳುವ ಬಿಲ್ಲೆಗಳ ಪೂರ್ಣ ಮೊತ್ತಕ್ಕೆ ಶೇಕಡ 28ರಂತೆ ವಿಧಿಸಲಾಯಿತು. 2025ರ ಸೆಪ್ಟೆಂಬರಿನಲ್ಲಿ ಅದು ಶೇಕಡ 40ಕ್ಕೆ ಏರಿತು. ಪಾಪದ ಮೇಲಿನ ತೆರಿಗೆ ಪಾಪವನ್ನು ತಡೆಯುತ್ತದೆ ಎನ್ನುತ್ತಾರೆ. ಆದರೆ ಅಷ್ಟು ದೊಡ್ಡ ಪಾಲು ಪಡೆಯುವ ಸರ್ಕಾರ ಕಾವಲುಗಾರನಾಗಿ ಉಳಿಯುವುದು ಕಷ್ಟ, ಪಾಲುದಾರನಾಗುವುದು ಸುಲಭ.

ಕ್ಯಾಸಿನೋ ನದಿಯಿಂದ ಹಳ್ಳಿಗೆ ಬಂದ ಬಗೆಯನ್ನು ಗೋವಾದ ಉತ್ತರದ ಪೆಡ್ನೆ ತಾಲ್ಲೂಕು ತೋರಿಸುತ್ತದೆ. ಕಲಂಗುಟ್, ಬಾಗಾ ಮೊದಲಾದ ಹೆಸರಾಂತ ಕಡಲತೀರಗಳಿಂದ ದೂರವಿರುವ ಧಾರ್ಗಳ್ ಅಲ್ಲಿನ ಒಂದು ಗ್ರಾಮ. ಮೋಪಾದ ಹೊಸ ವಿಮಾನ ನಿಲ್ದಾಣ 2023ರ ಜನವರಿಯಲ್ಲಿ ಸಂಚಾರಕ್ಕೆ ತೆರೆದುಕೊಂಡಿತು. ಅದಕ್ಕೂ ಮುನ್ನವೇ ಆ ಸೀಮೆಯ ಭೂಮಿಯ ಮೇಲೆ ಎಲ್ಲರ ಕಣ್ಣು ಬಿದ್ದಿತ್ತು. ಧಾರ್ಗಳದಲ್ಲಿ ಕ್ಯಾಸಿನೋ ಸಹಿತವಾದ ಬೃಹತ್ ವಿಹಾರಧಾಮಕ್ಕೆಂದು ಗುರುತಿಸಿದ ಜಮೀನಿನ ಪೈಕಿ 3 ಲಕ್ಷ ಚದರ ಮೀಟರಿಗೂ ಹೆಚ್ಚು, ಅಂದರೆ ಎಪ್ಪತ್ತು ಎಕರೆಗೂ ಮಿಗಿಲಾದ ಭೂಮಿ ತಿಲಾರಿ ನೀರಾವರಿ ಯೋಜನೆಯ ಅಚ್ಚುಕಟ್ಟಿಗೆ ಸೇರಿತ್ತು. ಅದನ್ನು ಅಚ್ಚುಕಟ್ಟಿನಿಂದ ಹೊರಗಿಡಲು ಸರ್ಕಾರ ಮುಂದಾಯಿತು. ಊರಿನ ರೈತರೂ ಪರಿಸರಾಸಕ್ತರೂ ಪ್ರತಿಭಟಿಸಿದರು.

ತಿಲಾರಿಯೆಂದರೆ ಪಶ್ಚಿಮ ಘಟ್ಟದ ನೀರು. ಮಹಾರಾಷ್ಟ್ರದ ದೋಡಾಮಾರ್ಗ ತಾಲ್ಲೂಕಿನಲ್ಲಿ ಕಟ್ಟಿದ ಅಣೆಕಟ್ಟು ಹಳ್ಳಿಗಳನ್ನು ಮುಳುಗಿಸಿತು, ಕಾಡನ್ನು ಮುಳುಗಿಸಿತು. 'ಕೆಳಗಿನ ರೈತನ ಗದ್ದೆಗೆ ನೀರು' ಎಂಬ ಒಂದೇ ಸಮರ್ಥನೆಯ ಮೇಲೆ ಘಟ್ಟದ ಜನ ಮನೆಮಠ ಬಿಟ್ಟರು. ಆ ಕಾಲುವೆ ತಲುಪಿದ ನೆಲವನ್ನೇ ಜೂಜಿನ ಹೋಟೆಲಿಗೆ ಬಿಟ್ಟುಕೊಟ್ಟರೆ ಮುಳುಗಿದ ಊರುಗಳಿಗೆ ಕೊಟ್ಟ ಮಾತು ಏನಾಯಿತು? ಅಣೆಕಟ್ಟು ವಿರೋಧಿ ಹೋರಾಟಗಳಲ್ಲಿ ಸೋತವರು ಕನಿಷ್ಠ ಒಂದು ನೆಮ್ಮದಿಯನ್ನಾದರೂ ಇಟ್ಟುಕೊಂಡಿದ್ದರು, ತಮ್ಮ ತ್ಯಾಗದಿಂದ ಎಲ್ಲೋ ಒಂದು ತೆನೆ ಬೆಳೆಯುತ್ತಿದೆ ಎಂಬ ನೆಮ್ಮದಿ. ಅದನ್ನೂ ಕಸಿಯಲಾಗುತ್ತದೆ. ಮಲೆನಾಡಿನ ಪ್ರತಿಯೊಂದು ಜಲಾಶಯದ ಕೆಳಗೂ ಕೇಳಬಹುದಾದ ಪ್ರಶ್ನೆ ಇದು.

ಇಂಥ ಹೋಟೆಲಿನಲ್ಲಿ ತಂಗುವುದೆಂದರೆ ಏನು ಎಂಬುದನ್ನೂ ನೋಡಬೇಕು. ಹೊರಗೆ ಹಸಿರಿದೆ, ಬೆಟ್ಟವಿದೆ, ಮೌನವಿದೆ. ಆದರೆ ಜೂಜಿನ ಅಂಗಣದ ವಿನ್ಯಾಸದಲ್ಲಿ ಸಾಮಾನ್ಯವಾಗಿ ಕಿಟಕಿಗೂ ಜಾಗವಿಲ್ಲ, ಗೋಡೆ ಗಡಿಯಾರಕ್ಕೂ ಜಾಗವಿಲ್ಲ. ಹಗಲು ಯಾವುದು, ಇರುಳು ಯಾವುದು ಎಂಬುದು ಆಟಗಾರನಿಗೆ ತಿಳಿಯಬಾರದು. ಊಟ, ಮದ್ಯಗಳು ಪ್ರವೇಶ ಶುಲ್ಕದಲ್ಲೇ ಸೇರಿರುತ್ತವೆ; ದೊಡ್ಡ ಮೊತ್ತ ಆಡುವವನಿಗೆ ಕೊಠಡಿಯೂ ಉಚಿತ. ಆತಿಥ್ಯದಂತೆ ಕಾಣುವ ಈ ಔದಾರ್ಯದ ಹಿಂದೆ ನಿಷ್ಠುರ ಗಣಿತವಿದೆ. ಒಂದರಿಂದ ಮೂವತ್ತಾರರವರೆಗಿನ ಅಂಕಿಗಳೂ ಒಂದು ಸೊನ್ನೆಯೂ ಇರುವ ರೂಲೆಟ್ ಚಕ್ರವನ್ನು ತೆಗೆದುಕೊಳ್ಳಬಹುದು. ಮೂವತ್ತೇಳು ಮನೆಗಳ ಮೇಲೂ ನೂರು ನೂರು ರೂಪಾಯಿ ಇಟ್ಟವನು ಒಟ್ಟು 3,700 ರೂಪಾಯಿ ಇಡುತ್ತಾನೆ; ಗೆದ್ದ ಮನೆಗೆ ಪಣವೂ ಸೇರಿ ಅವನ ಕೈಗೆ ಮರಳುವುದು 3,600. ಚಕ್ರ ತಿರುಗಿದಾಗಲೆಲ್ಲ ಆ ಅಂತರ ಮನೆಯೊಡೆಯನ ಪಾಲು. ಅದೃಷ್ಟ ಇಂದು ಒಬ್ಬನಿಗೆ, ನಾಳೆ ಇನ್ನೊಬ್ಬನಿಗೆ ಒಲಿಯಬಹುದು. ಗಣಿತ ಮಾತ್ರ ಎಂದೆಂದೂ ಹೋಟೆಲಿನ ಪಕ್ಷ. ಗಂಟೆಗೆ ನಲವತ್ತು ಸುತ್ತು, ಸುತ್ತಿಗೆ ಸಾವಿರ ರೂಪಾಯಿಯಂತೆ ಎಂಟು ಗಂಟೆ ಕುಳಿತವನು ಸರಾಸರಿಯಲ್ಲಿ ಕಳೆದುಕೊಳ್ಳುವುದು ಸುಮಾರು 8,600 ರೂಪಾಯಿ. 2025–26ರಲ್ಲಿ ಕರ್ನಾಟಕದ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿಯಾಗಿತ್ತು. ಒಂದು ರಾತ್ರಿಯ ಸೋಲು ಇಪ್ಪತ್ಮೂರು ದಿನದ ಬೆವರಿಗೆ ಸಮ. ಆದ್ದರಿಂದ ಹೋಟೆಲಿಗೆ ಬೇಕಾದದ್ದು ಆಟಗಾರನ ಸೋಲಲ್ಲ, ಅದು ತಾನಾಗಿ ಬರುತ್ತದೆ. ಬೇಕಾದದ್ದು ಅವನ ಸಮಯ. ಊರಿಂದ ದೂರ, ಹೋಗಲು ಬೇರೆಡೆಯಿಲ್ಲದ ಸ್ಥಳದಲ್ಲಿ ಕೊಠಡಿ ಕೊಟ್ಟರೆ ಸಮಯ ಪೂರ್ತಿ ಕೈಗೆ ಸಿಗುತ್ತದೆ. 'ಜನಜಂಗುಳಿಯಿಂದ ದೂರ' ಎಂಬ ಮಾತಿನ ನಿಜವಾದ ಅರ್ಥ ಇಲ್ಲಿದೆ.

ಇನ್ನೊಂದು ವ್ಯಂಗ್ಯವನ್ನೂ ಗಮನಿಸಬೇಕು. ಗೋವಾದ ಕ್ಯಾಸಿನೋಗಳ ಜನಪ್ರಿಯ ಮೇಜುಗಳಲ್ಲಿ ಒಂದು 'ಅಂದರ್-ಬಾಹರ್'. ಕನ್ನಡನಾಡಿನ ಹಳ್ಳಿಗಳಲ್ಲಿ ಹುಣಸೆಮರದ ನೆರಳಿನಲ್ಲಿ, ಜಾತ್ರೆಯ ಮರೆಯಲ್ಲಿ ಆಡುತ್ತ ಬಂದಿರುವ ಒಳಗೆ-ಹೊರಗೆ ಆಟವೇ ಅದು. ಇಲ್ಲಿ ಆಡಿದ ಕೂಲಿಕಾರ ಪೊಲೀಸ್ ಜೀಪು ಹತ್ತುತ್ತಾನೆ, ದಂಡ ಕಟ್ಟುತ್ತಾನೆ. ಅದೇ ಎಲೆಗಳನ್ನು ಹವಾನಿಯಂತ್ರಿತ ಅಂಗಣದಲ್ಲಿ ಆಡಿದವನು 'ಅತಿಥಿ'. ಜೂಜು ಕೆಡುಕಾದರೆ ಎರಡೂ ಕಡೆ ಕೆಡುಕು. ಹಣದ ಗಾತ್ರ ಹೆಚ್ಚಿದಂತೆ ತಪ್ಪು ಕರಗುವುದಾದರೆ ಅದು ಕಾನೂನಲ್ಲ, ಅಂತಸ್ತಿಗೆ ತಕ್ಕ ರಿಯಾಯಿತಿ.

ಇಷ್ಟಾಗಿಯೂ ಕ್ಯಾಸಿನೋ ಹೋಟೆಲಿನ ಪರವಾಗಿ ಒಂದು ಪ್ರಬಲ ವಾದವಿದೆ, ಅದನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಉದ್ಯೋಗ. ಸೇಡಂ, ಚಿಂಚೋಳಿಯ ಹಳ್ಳಿ ಮತ್ತು ತಾಂಡಾಗಳಿಂದ ಸುಗ್ಗಿ ಮುಗಿದೊಡನೆ ಜನ ಮುಂಬೈ, ಪುಣೆ, ಹೈದರಾಬಾದಿನ ಕಟ್ಟಡ ಕೆಲಸಗಳಿಗೆ ಗುಳೆ ಹೋಗುತ್ತಾರೆ. ವಾಡಿ, ಸೇಡಂ, ಮಳಖೇಡಗಳ ಸಿಮೆಂಟ್ ಕಾರ್ಖಾನೆಗಳೂ ಶಹಾಬಾದಿನ ಹಾಸುಗಲ್ಲಿನ ಗಣಿಗಳೂ ಅನೇಕರಿಗೆ ಅನ್ನ ಕೊಟ್ಟಿವೆ. ಆದರೆ ಕಲ್ಲು ಮರಳಿ ಬೆಳೆಯುವ ಪೈರಲ್ಲ. ತೋಡಿ ಮುಗಿದ ಗಣಿ ನೀರು ತುಂಬಿದ ಹೊಂಡವಾಗಿ ಉಳಿಯುತ್ತದೆ. ಶಹಾಬಾದಿನ ಹಿರಿಯರು ಕಾರ್ಖಾನೆ ಮುಚ್ಚಿದಾಗ ಪೇಟೆಯ ಸದ್ದು ಅಡಗುವುದನ್ನು ಕಂಡವರು. ಹಾಗಿರುವಾಗ, 'ಕಲ್ಲು ಮುಗಿದ ಮೇಲೆ ಏನು?' ಎಂದು ಕೇಳುವ ಯುವಕನಿಗೆ ದೊಡ್ಡ ಹೋಟೆಲೊಂದು ಆಸೆ ತೋರಿಸಿದರೆ ಅವನನ್ನು ಹಳಿಯುವ ಅಧಿಕಾರ ಯಾರಿಗೂ ಇಲ್ಲ.

ಈ ಪ್ರಶ್ನೆಗೆ ಕ್ಯಾಸಿನೋವನ್ನೇ ಉತ್ತರವಾಗಿ ಆರಿಸಿಕೊಂಡ ಗಣಿ ಸೀಮೆಯೊಂದು ಜಗತ್ತಿನಲ್ಲಿದೆ. ದಕ್ಷಿಣ ಕೊರಿಯಾದ ಗಾಂಗ್‌ವಾನ್ ಪ್ರಾಂತ್ಯದ ಜಂಗ್‌ಸನ್ ಬೆಟ್ಟಗಾಡು ಪ್ರದೇಶ. ಕಲ್ಲಿದ್ದಲಿನ ಮೇಲೆ ಬದುಕಿದ್ದ ನಾಡು ಅದು. 1980ರ ದಶಕದ ಕೊನೆಯಿಂದ ಗಣಿಗಳು ಒಂದೊಂದಾಗಿ ಮುಚ್ಚಿದವು. ಬೀದಿಗೆ ಬಿದ್ದ ಗಣಿ ಕಾರ್ಮಿಕರ ಒತ್ತಾಯಕ್ಕೆ ಮಣಿದ ಸರ್ಕಾರ 1995ರಲ್ಲಿ ವಿಶೇಷ ಕಾಯಿದೆ ತಂದಿತು. 2000ದಲ್ಲಿ ಅಲ್ಲಿ ತೆರೆದ ಕಾಂಗ್‌ವಾನ್ ಲ್ಯಾಂಡ್, ಕೊರಿಯನ್ನರಿಗೆ ಪ್ರವೇಶವಿರುವ ಆ ದೇಶದ ಏಕೈಕ ಕ್ಯಾಸಿನೋ. ಮುಂದೆ ಭವ್ಯ ಹೋಟೆಲು, ಹಿಮಕ್ರೀಡೆಯ ಇಳಿಜಾರು ಎಲ್ಲವೂ ಬಂದವು. ಉದ್ಯೋಗಗಳೂ ಬಂದವು ಎಂಬುದು ನಿಜ. ಅದರೊಂದಿಗೆ ಕೆಳಗಿನ ಸಾಬುಕ್ ಪೇಟೆಯಲ್ಲಿ ಗಿರವಿ ಅಂಗಡಿಗಳ ಸಾಲು ಬಂತು. ಸೋತವರು ಅಡವಿಟ್ಟ ಕಾರುಗಳು ಬಂದವು. ಜೂಜಿನ ಚಟಕ್ಕೆ ಬಿದ್ದವರ ಆರೈಕೆಗೆ ಕ್ಯಾಸಿನೋ ಸಂಸ್ಥೆಯೇ ಸಲಹಾ ಕೇಂದ್ರ ನಡೆಸಬೇಕಾಯಿತು. ಆ ಸೀಮೆಯ ನಿವಾಸಿಗಳಿಗೆ ತಿಂಗಳಿಗೆ ಒಂದೇ ದಿನದ ಪ್ರವೇಶವೆಂದು ನಿಯಮ ಮಾಡಬೇಕಾಯಿತು. ಇಷ್ಟೆಲ್ಲ ಆದರೂ ಜಂಗ್‌ಸನ್‌ನ ಜನಸಂಖ್ಯೆ ಇಳಿಯುವುದು ನಿಲ್ಲಲಿಲ್ಲ. ಊರಿನವರನ್ನು ದೂರವಿಟ್ಟು ನಡೆಸಬೇಕಾದ ಉದ್ಯಮ ಊರನ್ನು ಉಳಿಸೀತು ಹೇಗೆ?

ಆ ಬೆಟ್ಟಗಾಡಿಗೆ ಮಂಜೂ ಮಳೆಯೂ ಇದ್ದವು. ಸೇಡಂ, ಚಿಂಚೋಳಿಯ ಸೀಮೆಗೆ ಇರುವುದು ನಲವತ್ತೆರಡು ಡಿಗ್ರಿ ದಾಟುವ ಬೇಸಿಗೆ. ಕಾಗಿಣಾ ಮತ್ತು ಮುಲ್ಲಾಮಾರಿಗಳು ಮಳೆಗಾಲದಲ್ಲಿ ಊರಿಗೇ ನುಗ್ಗುತ್ತವೆ, ಬೇಸಿಗೆಯಲ್ಲಿ ಬರಿಯ ಕಲ್ಲು ತೋರಿಸುತ್ತವೆ. ಇಲ್ಲಿ ಒಂದು ಐಷಾರಾಮಿ ಹೋಟೆಲಿನ ಒಂದೇ ಒಂದು ಅಂಗವನ್ನು ಲೆಕ್ಕ ಹಾಕಿದರೂ ಸಾಕು. ಇಪ್ಪತ್ತೈದು ಮೀಟರ್ ಉದ್ದ, ಹತ್ತು ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಈಜುಕೊಳ ತುಂಬಲು ಬೇಕಾದ ನೀರು 3,75,000 ಲೀಟರ್. ಜಲಜೀವನ ಮಿಷನ್ ಹಳ್ಳಿಯ ಒಬ್ಬ ವ್ಯಕ್ತಿಗೆ ದಿನಕ್ಕೆ ನಿಗದಿಪಡಿಸಿದ ಪ್ರಮಾಣ 55 ಲೀಟರ್. ಸಾವಿರ ಜನರ ಹಳ್ಳಿ ಹೆಚ್ಚುಕಡಿಮೆ ಒಂದು ವಾರ ಕುಡಿದು, ಅಡುಗೆ ಮಾಡಿ, ಮೀಯಬಹುದಾದ ನೀರು ಒಂದು ಕೊಳಕ್ಕೆ ಒಮ್ಮೆಗೆ ಬೇಕು. ಮೇ ತಿಂಗಳ ಬಿಸಿಲಿಗೆ ಆವಿಯಾಗಿ ಹೋಗುವ ನೀರು, ಹುಲ್ಲುಹಾಸು, ಬಟ್ಟೆ ಒಗೆತ, ನೂರಾರು ಸ್ನಾನದ ಮನೆಗಳ ಲೆಕ್ಕ ಬೇರೆ. ಕೊಳವೆಬಾವಿಯ ಪೈಪೋಟಿಯಲ್ಲಿ ಗೆಲ್ಲುವವನು ಹೆಚ್ಚು ಆಳಕ್ಕೆ ಕೊರೆಯಬಲ್ಲವನು. ಪಕ್ಕದ ತೊಗರಿ ಹೊಲದವನ ಬಾವಿ ಬತ್ತುವುದು ಯಾವ ಪತ್ರದಲ್ಲೂ ದಾಖಲಾಗುವುದಿಲ್ಲ.

ಭೂಮಿಯ ಬಾಗಿಲೂ ಈಗ ಮೊದಲಿನಷ್ಟು ಭದ್ರವಾಗಿಲ್ಲ. ಕೃಷಿಕರಲ್ಲದವರು ಮತ್ತು ಹೆಚ್ಚು ಆದಾಯವುಳ್ಳವರು ಕೃಷಿಭೂಮಿ ಕೊಳ್ಳುವುದನ್ನು ತಡೆಯುತ್ತಿದ್ದ ಭೂಸುಧಾರಣಾ ಕಾಯಿದೆಯ 79ಎ ಮತ್ತು 79ಬಿ ವಿಧಿಗಳನ್ನು 2020ರ ತಿದ್ದುಪಡಿ ತೆಗೆದುಹಾಕಿತು. 2024–29ರ ಪ್ರವಾಸೋದ್ಯಮ ನೀತಿ ಹೋಟೆಲು, ರೆಸಾರ್ಟುಗಳಿಗೆ ಬಂಡವಾಳದ ಸಹಾಯಧನ ಘೋಷಿಸಿದೆ. ಇವು ಯಾವುವೂ ಕ್ಯಾಸಿನೋಗಾಗಿ ಮಾಡಿದವಲ್ಲ. ಆದರೆ ಅಗ್ಗದ ಭೂಮಿ, ಸರ್ಕಾರದ ಪ್ರೋತ್ಸಾಹ, ಗಡಿಯಾಚೆ ಹೈದರಾಬಾದಿನಂಥ ಸಿರಿವಂತ ನಗರ, 'ಯಾರೂ ಕಾಣದ ತಾಣ' ಎಂಬ ಆಕರ್ಷಣೆ ಒಂದೆಡೆ ಕೂಡಿದಾಗ ಒಂದು ತಿದ್ದುಪಡಿಯಷ್ಟೇ ಬಾಕಿ ಉಳಿಯುತ್ತದೆ. ಮೊದಲು ರೆಸಾರ್ಟು, ನಂತರ ಮನರಂಜನಾ ಕ್ಲಬ್ಬು, ಆಮೇಲೆ ಪರವಾನಗಿಯ ಬೇಡಿಕೆ. ಕೊನೆಯ ಮೆಟ್ಟಿಲಿನಲ್ಲಿ ಎಚ್ಚರಗೊಂಡರೆ ಫಲವಿಲ್ಲ.

ಹಾಗೆಂದು ಈ ಸೀಮೆಗೆ ಅತಿಥಿಗಳೇ ಬೇಡ ಎನ್ನುವುದು ಇಲ್ಲಿನ ಸಂಸ್ಕೃತಿಗೆ ಒಪ್ಪುವ ಮಾತಲ್ಲ. ಯಾನಾಗುಂದಿಯ ಮಾಣಿಕ್ಯಗಿರಿಗೆ, 2020ರಲ್ಲಿ ಲಿಂಗೈಕ್ಯರಾದ ಮಾತೆ ಮಾಣಿಕೇಶ್ವರಿಯವರ ದರ್ಶನಕ್ಕೆ ಎರಡೂ ರಾಜ್ಯಗಳ ಸಾವಿರಾರು ಜನ ಬಂದು ಬೆಟ್ಟದ ಕಲ್ಲಿನ ಮೇಲೆಯೇ ಮಲಗಿ ಎದ್ದು ಹೋಗುತ್ತಿದ್ದರು. ಮಠಗಳ ದಾಸೋಹ, ದರ್ಗಾಗಳ ಉರುಸು, ಗುಡಿಯ ಕಟ್ಟೆ ಇವೆಲ್ಲ ಪರಸ್ಥಳದವರನ್ನು ತಂಗಿಸಿಕೊಂಡ ತಾಣಗಳೇ. ಕಾಗಿಣಾ ದಂಡೆಯ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 'ಕವಿರಾಜಮಾರ್ಗ' ರೂಪುಗೊಂಡ ನೆಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿ ಕನಗನಹಳ್ಳಿಯಲ್ಲಿ ಬೌದ್ಧಸ್ತೂಪದ ಅವಶೇಷಗಳ ನಡುವೆ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೇ ದೊರೆತಿದೆ. ಚಿಂಚೋಳಿಯಲ್ಲಿ ಸುಮಾರು 135 ಚದರ ಕಿಲೋಮೀಟರ್ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಬಯಲುಸೀಮೆಯ ನಡುವೆ ಉಳಿದ ಈ ಒಣಕಾಡಿನಲ್ಲಿ ಕೃಷ್ಣಮೃಗ, ತೋಳ, ಕತ್ತೆಕಿರುಬಗಳಿವೆ. ಚಂದ್ರಂಪಳ್ಳಿ ಜಲಾಶಯವಿದೆ, ಎತ್ತಿಪೋತ ಜಲಪಾತವಿದೆ, ಅಂಚಿನಲ್ಲಿ ಲಂಬಾಣಿ ತಾಂಡಾಗಳಿವೆ. ಇದನ್ನು ಕಾಣಲು ಬರುವವನಿಗೆ ಒಂದು ಹಾಸಿಗೆ, ಒಂದು ಜೋಳದ ರೊಟ್ಟಿ, ದಾರಿ ತೋರುವ ಒಬ್ಬ ತಾಂಡಾದ ಯುವಕ ಸಾಕು. ಗಳಿಕೆ ಸಣ್ಣದು, ಆದರೆ ಅದು ಊರಿನಲ್ಲೇ ಉಳಿಯುತ್ತದೆ. ಆ ಗಳಿಕೆ ಉಳಿಯಬೇಕಾದರೆ ಕಾಡೂ ಉಳಿಯಬೇಕಾಗುತ್ತದೆ.

ಎರಡು ಬಗೆಯ ಆತಿಥ್ಯದ ನಡುವಿನ ಭೇದ ಇದೇ. ಒಂದು ಸ್ಥಳವನ್ನು ನೆಚ್ಚಿಕೊಂಡದ್ದು. ಇನ್ನೊಂದು ಸ್ಥಳವನ್ನು ಬಳಸಿಕೊಳ್ಳುವುದು. ಸನ್ನತಿಯನ್ನು ಬೇರೆಡೆಗೆ ಒಯ್ಯಲಾಗದು, ಚಿಂಚೋಳಿಯ ತೋಳವನ್ನು ಬೇರೆಡೆ ಕಾಣಲಾಗದು. ರೂಲೆಟ್ ಚಕ್ರಕ್ಕೆ ಊರಿಲ್ಲ. ಅದು ಮಾಂಡವಿಯ ಮೇಲೂ ತಿರುಗುತ್ತದೆ, ಕೊರಿಯಾದ ಹಿಮದಲ್ಲೂ ತಿರುಗುತ್ತದೆ; ಇಲ್ಲಿನ ತೊಗರಿ ಹೊಲದಲ್ಲೂ ತಿರುಗಬಲ್ಲುದು. ಅದಕ್ಕೆ ಊರಿನಿಂದ ಬೇಕಾದದ್ದು ನೆಲ, ನೀರು ಮತ್ತು ಮೌನ ಮಾತ್ರ. ಊರನ್ನು ಕಾಣುವ ಅಗತ್ಯವೇ ಇಲ್ಲದ ಅತಿಥಿಗಾಗಿ ಊರು ತನ್ನ ಜಲಮೂಲವನ್ನು ಒಪ್ಪಿಸಬೇಕೇ?

ಆದ್ದರಿಂದ ಯಾವುದೇ ದೊಡ್ಡ ಹೋಟೆಲಿನ ಪ್ರಸ್ತಾವ ಗ್ರಾಮಸಭೆಯ ಮುಂದೆ ಬಂದಾಗ ಕೇಳಬೇಕಾದ ಪ್ರಶ್ನೆಗಳು ಕಠಿಣವಾದವೇನಲ್ಲ. ಬೇಸಿಗೆಯ ಅತಿ ಕಷ್ಟದ ತಿಂಗಳಲ್ಲಿ ಅದರ ನೀರು ಎಲ್ಲಿಂದ ಬರುತ್ತದೆ, ಅದರ ಕೊಳಚೆ ಎಲ್ಲಿಗೆ ಹೋಗುತ್ತದೆ? ಊರಿನವರು ಅಲ್ಲಿ ಕಾವಲುಗಾರ ಮತ್ತು ಕಸಗುಡಿಸುವವರಲ್ಲದೆ ಬೇರೇನಾಗುತ್ತಾರೆ? ಅಲ್ಲಿ ನಡೆಯುವ ಚಟುವಟಿಕೆ ಊರಿನ ಮಕ್ಕಳು ಬಂದು ಕಾಣಬಹುದಾದದ್ದೇ? ಮೂರನೆಯ ಪ್ರಶ್ನೆಗೆ ಗೋವಾ ಸರ್ಕಾರ ತಾನೇ ಉತ್ತರ ಬರೆದಿದೆ. ಜೀವವೈವಿಧ್ಯ ಕಾಯಿದೆ, 2002ರ ಅಡಿಯಲ್ಲಿ ಪ್ರತಿ ಪಂಚಾಯಿತಿಯಲ್ಲೂ ಇರಬೇಕಾದ ಜೀವವೈವಿಧ್ಯ ನಿರ್ವಹಣಾ ಸಮಿತಿಗಳು ಕಾಗದದಿಂದ ಎದ್ದು ಬರಬೇಕಾದ ಹೊತ್ತೂ ಇದೇ. ಕೆರೆ, ಹಳ್ಳ, ಗೋಮಾಳ, ಕುರುಚಲು ಕಾಡುಗಳ ದಾಖಲೆ ಊರಿನ ಕೈಯಲ್ಲಿದ್ದರೆ 'ಬಂಜರು ಭೂಮಿ' ಎಂಬ ಸುಳ್ಳು ಹಣೆಪಟ್ಟಿ ಹಚ್ಚುವುದು ಅಷ್ಟು ಸುಲಭವಾಗದು.

ಮಹಾಭಾರತದ ದ್ಯೂತವೂ ಆತಿಥ್ಯದ ಹೆಸರಿನಲ್ಲೇ ನಡೆಯಿತು. ಪಾಂಡವರನ್ನು ಕರೆಸಲು ಧೃತರಾಷ್ಟ್ರ ಹೊಸ ಸಭಾಭವನವನ್ನೇ ಕಟ್ಟಿಸಿದ. ಬಂದವರಿಗೆ ರಾಜೋಪಚಾರ ನಡೆಯಿತು, ಮರುದಿನ ದಾಳ ಉರುಳಿತು. ಆ ಕಾಲದಲ್ಲಿ ಜೂಜಿನಲ್ಲಿ ಸೋತವರು ಕಾಡಿಗೆ ಹೋದರು. ಕಾಡು ಅವರನ್ನು ಹನ್ನೆರಡು ವರ್ಷ ಸಾಕಿತು. ಈಗ ಜೂಜೇ ಕಾಡಿನ ದಾರಿ ಹಿಡಿದಿದೆ. ಈ ಆಟದಲ್ಲಿ ಪಣಕ್ಕಿಟ್ಟದ್ದು ಆಡುವವನ ಹಣ ಮಾತ್ರವಲ್ಲ, ಆಡದವನ ಹಳ್ಳ ಮತ್ತು ಹೊಲ. ಅವನು ಸೋತರೆ ಹೋಗಲು ಕಾಡು ಉಳಿದಿರುವುದಿಲ್ಲ.